ಸರ್ವೆ ನಂಬರ್ ಹೇಳು

ಹೊಸ ವಿಶ್ವವಿದ್ಯಾಲಯ ಎಲ್ಲಿಗೆ ಬರುತ್ತದೆ ಎಂಬುದು ಅದರ ಸುತ್ತ ಸೈಟು ಮಾಡಿ ಮಾರುವವರಿಗೆ ಬಹಳ ಮೊದಲೇ ಗೊತ್ತಿರುತ್ತದೆ. ಕೊನೆಯವರೆಗೂ ಗೊತ್ತಿಲ್ಲದವರು ಎರಡೇ ಗುಂಪು: ಆ ಜಾಗದಲ್ಲಿ ಕುರಿ ಮೇಯಿಸುವವರು ಮತ್ತು ಸ್ಥಳ ಆಯ್ಕೆ ಸಮಿತಿಯ ಸದಸ್ಯರು. ಕುರಿಯವರಿಗೆ ಜೆಸಿಬಿ ಬಂದಾಗ ತಿಳಿಯುತ್ತದೆ. ಸಮಿತಿಯವರಿಗೆ ತಮ್ಮದೇ ವರದಿಯನ್ನು ಪತ್ರಿಕೆಯಲ್ಲಿ ಓದಿದಾಗ.

ಹಿಂದೆ ಇಂಥ ತೀರ್ಮಾನಗಳಿಗೆ ‘ಜನಪ್ರತಿನಿಧಿಗಳ ಒತ್ತಾಯದ ಮೇರೆಗೆ’ ಎಂಬ ಒಂದು ಸಾಲು ಸಾಕಾಗುತ್ತಿತ್ತು. ಈಗ ಕಾಲ ಕೆಟ್ಟಿದೆ. ಆಡಿಟ್‌ನವರು ಕೇಳುತ್ತಾರೆ, ಮಾಹಿತಿ ಹಕ್ಕಿನ ಅರ್ಜಿ ಬೀಳುತ್ತದೆ, ಸೋತ ತಾಲ್ಲೂಕಿನವರು ಬಂದ್ ಮಾಡಿ ಆಮೇಲೆ ಹೈಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಉತ್ತರ ಸಿಕ್ಕಿದರೆ ಸಾಲದು, ಪಕ್ಕದಲ್ಲಿ ಲೆಕ್ಕವನ್ನೂ ತೋರಿಸಬೇಕು. ಅದಕ್ಕೆ ವಿಜ್ಞಾನ ಸಿದ್ಧವಾಗಿದೆ. ಹೆಸರು ಬಹುಮಾನದಂಡ ನಿರ್ಣಯ ವಿಧಾನ. ನೀರು, ರಸ್ತೆ, ಜಮೀನಿನ ಬೆಲೆ, ಜನಸಂಖ್ಯೆ, ಇಳಿಜಾರು ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳಿಗೆ ತೂಕ ಕೊಟ್ಟು, ಅಂಕ ಹಾಕಿ, ಕೂಡಿಸಿ, ಯಾವ ಊರು ಮೊದಲು ಎಂದು ಹೇಳುವ ಶಾಸ್ತ್ರ. ಪ್ರಪಂಚದ ನಾನಾ ದೇಶಗಳ ಸಂಶೋಧಕರು ಇದನ್ನು ಆಸ್ಪತ್ರೆಗೆ, ಕಸದ ಗುಂಡಿಗೆ, ಗಾಳಿಯಂತ್ರಕ್ಕೆ, ವಿಶ್ವವಿದ್ಯಾಲಯಕ್ಕೆ ಜಾಗ ಹುಡುಕಲು ಬಳಸಿದ್ದಾರೆ. ಕಸದ ಗುಂಡಿಗೂ ವಿಶ್ವವಿದ್ಯಾಲಯಕ್ಕೂ ಸೂತ್ರ ಒಂದೇ.

ಈ ಶಾಸ್ತ್ರದಲ್ಲಿ ಹೆಚ್ಚು ಚಲಾವಣೆಯಲ್ಲಿರುವುದು ಎಎಚ್‌ಪಿ. ಅದನ್ನು 1970ರ ದಶಕದಲ್ಲಿ ರೂಪಿಸಿದವರು ಥಾಮಸ್ ಸಾಟಿ, ಇರಾಕಿನ ಮೊಸುಲ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞ. ಅದಕ್ಕೂ ಮುಂಚೆ ಅವರು ಅಮೆರಿಕ ಸರ್ಕಾರದ ಶಸ್ತ್ರಾಸ್ತ್ರ ನಿಯಂತ್ರಣ ಸಂಸ್ಥೆಯಲ್ಲಿದ್ದರು. ಅಣ್ವಸ್ತ್ರದ ಮಾತುಕತೆಗೆ ನೆರವಾಗಲು ಸೇರಿಸಿದ ಘನ ಪಂಡಿತರೂ ವಕೀಲರೂ ಯಾವುದು ಎಷ್ಟು ಮುಖ್ಯ ಎಂದು ಪರಸ್ಪರ ತಿಳಿಸಲಾರದೆ ಒದ್ದಾಡಿದ್ದನ್ನು ಅಲ್ಲಿ ಕಂಡಿದ್ದರು. ಅವರ ಉಪಾಯ ಸರಳ: ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ, ಎರಡೆರಡನ್ನೇ ಎದುರುಬದುರು ಇಟ್ಟು ಕೇಳಿ. ಎರಡೂ ಸಮವಾದರೆ 1, ಒಂದು ತುಸು ಹೆಚ್ಚಾದರೆ 3, ಹೋಲಿಕೆಯೇ ಇಲ್ಲದಷ್ಟು ಹೆಚ್ಚಾದರೆ 9. ಎಂಟು ಮಾನದಂಡಗಳಿದ್ದರೆ 28 ಪ್ರಶ್ನೆಗಳು. ಅಮೆರಿಕ ಮತ್ತು ರಷ್ಯಾ ನಡುವಿನ ಕ್ಷಿಪಣಿ ತಕರಾರಿನ ನೆರಳಲ್ಲಿ ಮೊಳೆತ ಆಲೋಚನೆ ಇದು. ಎರಡು ತಾಲ್ಲೂಕು ಕೇಂದ್ರಗಳ ನಡುವೆ ಪಂಚಾಯಿತಿ ಮಾಡಿ ಗೊತ್ತಿದ್ದವರು ಇದನ್ನು ಕೇಳಿ, ಕ್ಷಿಪಣಿ ಬಿಡ್ರೀ, ಅದು ಸುಲಭ ಎಂದಾರು.

ಒಂದು ಸಭೆಯನ್ನು ಕಲ್ಪಿಸಿಕೊಳ್ಳೋಣ. ವಿಧಾನಸೌಧದ ಕೋಣೆ, ಗೋಡಂಬಿ, ಚಿಕ್ಕ ಬಾಟಲಿ ನೀರು. ಸಲಹಾ ಸಂಸ್ಥೆಯಿಂದ ಬಂದ ಹುಡುಗ ಲ್ಯಾಪ್‌ಟಾಪ್ ತೆರೆದಿದ್ದಾನೆ.

“ಸಾರ್, ನೀರಿನ ಲಭ್ಯತೆ, ಹೆದ್ದಾರಿಗೆ ಇರುವ ದೂರ. ಇವೆರಡರಲ್ಲಿ ಯಾವುದು ಮುಖ್ಯ?”

“ಹೆದ್ದಾರಿ,” ಎನ್ನುತ್ತಾರೆ ಸಚಿವರು.

“ಎಷ್ಟು ಪಟ್ಟು ಸಾರ್? ಒಂದರಿಂದ ಒಂಬತ್ತರೊಳಗೆ.”

“ಒಂಬತ್ತು ಹಾಕ್ಕೋ.”

“ಹೆದ್ದಾರಿ ಮತ್ತು ಜಮೀನಿನ ಬೆಲೆ?”

“ಯಾರ ಜಮೀನಪ್ಪ?”

“ಸಾಮಾನ್ಯವಾಗಿ ಸಾರ್.”

“ಸಾಮಾನ್ಯವಾಗಿ ಅನ್ನೋ ಜಮೀನು ನಮ್ಮ ಜಿಲ್ಲೇಲಿಲ್ಲ. ಸರ್ವೆ ನಂಬರ್ ಹೇಳು.”

ಪ್ರಧಾನ ಕಾರ್ಯದರ್ಶಿಗಳು ಕೆಮ್ಮಿ, ಸದ್ಯಕ್ಕೆ ಐದು ಅಂತ ಬರ್ಕೊಳ್ಳಿ ಎಂದು ಸಭೆಯನ್ನು ಮುಂದೆ ಸಾಗಿಸುತ್ತಾರೆ. ಇಪ್ಪತ್ತೆಂಟನೆಯ ಪ್ರಶ್ನೆ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತದೆ.

“ಸಾರ್, ಉತ್ತರಗಳಲ್ಲಿ ಹೊಂದಾಣಿಕೆ ಇಲ್ಲ ಅಂತ ತೋರಿಸ್ತಿದೆ.”

“ಯಾರಿಗೆ? ನಂಗಾ? ಹೊಂದಾಣಿಕೆ ಇಲ್ದೇನೇ ನಾಕು ಸಲ ಗೆದ್ದಿದೀನಾ?”

ಹುಡುಗ ಹೇಳಿದ್ದು ಬೇರೆ. ಸಾಟಿಯವರ ಲೆಕ್ಕದಲ್ಲಿ ಒಂದು ಕಾವಲು ಇದೆ. ನೀರು ರಸ್ತೆಗಿಂತ ಮೂರು ಪಟ್ಟು ಮುಖ್ಯ, ರಸ್ತೆ ಜಮೀನಿನ ಬೆಲೆಗಿಂತ ಎರಡು ಪಟ್ಟು ಮುಖ್ಯ ಎಂದವರು, ನೀರು ಜಮೀನಿನ ಬೆಲೆಗಿಂತ ಸುಮಾರು ಆರು ಪಟ್ಟು ಎನ್ನಬೇಕು. ಅಲ್ಲಿ ತಿರುಗಿಬಿದ್ದು ಜಮೀನೇ ಮೇಲು ಎಂದರೆ ಸೂತ್ರ ಹಿಡಿದುಹಾಕುತ್ತದೆ. ಕಣ್ಣುಮುಚ್ಚಿ ಬಾಯಿಗೆ ಬಂದ ಅಂಕಿ ತುಂಬಿದರೆ ಎಷ್ಟು ಗೊಂದಲವಾಗುತ್ತದೋ ಅದರ ಹತ್ತನೇ ಒಂದು ಪಾಲನ್ನು, ಅಂದರೆ 0.10 ಅನ್ನು, ಮೀರಬಾರದು ಎಂಬುದು ಸಾಟಿಯವರ ಕಟ್ಟಳೆ. ತಜ್ಞರೂ ಪ್ರಾಧ್ಯಾಪಕರೂ ಈ ಪರೀಕ್ಷೆಯಲ್ಲಿ ಆಗಾಗ ನಪಾಸಾಗುತ್ತಾರೆ. ತಪ್ಪದೆ ಪಾಸಾಗುವವನು ಒಬ್ಬನೇ: ತಲೆಯಲ್ಲಿ ಒಂದೇ ಮಾನದಂಡ ಇರುವವನು. ಹೋಲಿಸಲು ಎರಡನೆಯದೇ ಇಲ್ಲದ ಮೇಲೆ ವಿರೋಧಾಭಾಸ ಎಲ್ಲಿಂದ ಬರಬೇಕು? ಸಚಿವರ ತಕರಾರು ಅರ್ಥವಾಗುವಂಥದ್ದೇ. ಅವರನ್ನು ಒಂದೇ ಪ್ರಶ್ನೆ ಕೇಳಿ ಬಿಟ್ಟಿದ್ದರೆ ನೂರಕ್ಕೆ ನೂರು ಸುಸಂಬದ್ಧವಾಗಿ ಉತ್ತರಿಸುತ್ತಿದ್ದರು.

ತೂಕದ ಕೆಲಸ ಮುಗಿದ ಮೇಲೆ ನಕ್ಷೆಯ ಕೆಲಸ. ಉಪಗ್ರಹ ಚಿತ್ರದ ಮೇಲೆ ಪದರದ ಮೇಲೆ ಪದರ ಹೊದಿಸುತ್ತಾರೆ: ಇಳಿಜಾರು, ಮಣ್ಣು, ಅಂತರ್ಜಲ, ರಸ್ತೆ, ಭೂಬಳಕೆ. ಕೊನೆಗೆ ಜಿಲ್ಲೆಯ ನಕ್ಷೆ ಹಸಿರು, ಹಳದಿ, ಕೆಂಪಾಗಿ ಹೊಳೆಯುತ್ತದೆ. ಹಸಿರು ಎಂದರೆ ಯೋಗ್ಯ. ಈ ಹಸಿರು ಹೋಗಿ ಕೂರುವುದು ಗೋಮಾಳದ ಮೇಲೆ ಎಂಬುದು ಕಾಕತಾಳೀಯವಲ್ಲ. ಆಕಾಶದಿಂದ ನೋಡಿದರೆ ಗೋಮಾಳ ಎಂದರೆ ಮನೆಯಿಲ್ಲ, ಬೆಳೆಯಿಲ್ಲ, ಮರ ಕಡಿಮೆ, ಇಳಿಜಾರು ಹಿತಮಿತ. ಪರಿಹಾರ ಕೊಡಬೇಕಾಗಿಲ್ಲವಾದ್ದರಿಂದ ಬೆಲೆಯ ಕಾಲಮ್ಮಿನಲ್ಲೂ ಪೂರ್ತಿ ಅಂಕ. ಅಲ್ಲಿ ಮೇಯುವ ದನ ಮಧ್ಯಾಹ್ನ ನೀರಿಗೆ ಹೋದಾಗ ಉಪಗ್ರಹ ಹಾದುಹೋಗಿರುತ್ತದೆ. ಅಂಚಿನಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿ, ಸಕ್ರಮಕ್ಕೆ ಅರ್ಜಿ ಹಾಕಿ, ತಹಸೀಲ್ದಾರರ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವನು ಪಹಣಿಯಲ್ಲೂ ಇಲ್ಲ, ಪದರದಲ್ಲೂ ಇಲ್ಲ. ಬಹುಮಾನದಂಡ ಎಂಬ ಹೆಸರಿದ್ದರೂ ಅವನನ್ನು ಹಿಡಿಯುವಷ್ಟು ಮಾನದಂಡಗಳು ಬಹುವಾಗುವುದಿಲ್ಲ.

ಹಾಗೆ ನೋಡಿದರೆ ಈ ವಿದ್ಯೆ ನಮಗೆ ಹೊರಗಿನದೂ ಅಲ್ಲ. ಜಾತಕ ಕೂಡಿಸುವಾಗ ನೋಡುವ ಅಷ್ಟಕೂಟ ಮತ್ತೇನು? ಎಂಟು ಮಾನದಂಡ. ವರ್ಣಕ್ಕೆ 1, ವಶ್ಯಕ್ಕೆ 2, ಹೀಗೆ ಏರುತ್ತ ನಾಡಿಗೆ 8. ಒಟ್ಟು 36 ಗುಣ, 18 ಬಂದರೆ ಪಾಸು. ತೂಕ ಹಾಕಿ ಮೊತ್ತ ತೆಗೆಯುವ ವಿಧಾನವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಯಾವ ವ್ಯವಹಾರಶಾಸ್ತ್ರದ ಕಾಲೇಜೂ ಕಲಿಸಲಾರದು. ಹುಡುಗಿ ಕಡೆಯವರು ಸ್ಥಿತಿವಂತರಾಗಿದ್ದರೆ ನಾಡಿದೋಷಕ್ಕೆ ಪರಿಹಾರ ಉಂಟು, ಶಾಂತಿ ಮಾಡಿಸಿದರಾಯಿತು. ಸಂಬಂಧ ಬೇಡವಾಗಿದ್ದರೆ 32 ಗುಣ ಕೂಡಿದರೂ ಪುರೋಹಿತರು ಕನ್ನಡಕ ತೆಗೆದು ತಪ್ಪನ್ನು ಕುಜನ ಮೇಲೆ ಹಾಕುತ್ತಾರೆ. ಸಲಹಾ ಸಂಸ್ಥೆಗಳು ಈ ಶಾಂತಿಗೆ ‘ತೂಕಗಳ ಮರುಪರಿಶೀಲನೆ’ ಎನ್ನುತ್ತವೆ. ದಕ್ಷಿಣೆಗೆ ಜಿಎಸ್‌ಟಿ ಸೇರಿಸುತ್ತವೆ.

ಆದರೆ ಮರುಪರಿಶೀಲಿಸಬೇಕಾದದ್ದು ತೂಕ ಎಂದು ನಂಬಿಸಿರುವುದೇ ಈ ಆಟದ ಜಾಣ್ಮೆ. ನಿಜವಾದ ಕೈಚಳಕ ತೂಕಕ್ಕಿಂತ ಹಿಂದೆ, ಯಾರೂ ನೋಡದ ಇನ್ನೊಂದು ಕಾಲಮ್ಮಿನಲ್ಲಿ ನಡೆಯುತ್ತದೆ. ಪ್ರತಿ ಮಾನದಂಡಕ್ಕೂ ಒಂದು ಚಿಹ್ನೆ ಹಾಕಬೇಕು. ಹೆಚ್ಚಿದ್ದರೆ ಒಳ್ಳೆಯದಾದರೆ ಅಧಿಕ, ಕಡಿಮೆಯಿದ್ದರೆ ಒಳ್ಳೆಯದಾದರೆ ಋಣ. ಟಾಪ್ಸಿಸ್ ಎಂಬ, 1981ರಲ್ಲಿ ಹ್ವಾಂಗ್ ಮತ್ತು ಯೂನ್ ಹೊರತಂದ ವಿಧಾನ ಇಡಿಯಾಗಿ ಈ ಚಿಹ್ನೆಯ ಮೇಲೆಯೇ ನಿಂತಿದೆ. ಅದು ಎಲ್ಲ ಕಾಲಮ್ಮಿನ ಒಳ್ಳೆಯದನ್ನೆಲ್ಲ ಕೂಡಿಸಿ ಒಂದು ಆದರ್ಶ ಊರನ್ನು, ಕೆಟ್ಟದ್ದನ್ನೆಲ್ಲ ಕೂಡಿಸಿ ಒಂದು ಅಧಮ ಊರನ್ನು ಕಟ್ಟುತ್ತದೆ. ಎರಡೂ ಭೂಮಿಯ ಮೇಲೆ ಇರಬೇಕೆಂದಿಲ್ಲ. ಮೊದಲನೆಯದಕ್ಕೆ ಹತ್ತಿರ, ಎರಡನೆಯದಕ್ಕೆ ದೂರ ಇರುವ ಊರಿಗೆ ಮಾಲೆ. ಚಿಹ್ನೆ ತಿರುಗಿಸಿದರೆ ಆದರ್ಶ ಊರೇ ಅಧಮವಾಗುತ್ತದೆ, ಒಂದು ಅಂಕಿಯನ್ನೂ ತಿದ್ದಬೇಕಾಗಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಪಠ್ಯಪುಸ್ತಕಕ್ಕೆ ಹಾಕುವಂಥ ಉದಾಹರಣೆ ಇದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಆಸ್ಪತ್ರೆ, ಶಾಲೆ ಎಂದು 35 ಸೂಚಕಗಳನ್ನು ಆರಿಸಿ, ತೂಕ ಕೊಟ್ಟು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಒಂದೊಂದು ತಾಲ್ಲೂಕಿಗೂ ಒಂದು ಅಂಕಿ ಬರೆಯಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಪಟ್ಟಿಯ ತಳದಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ, 0.53. ಕರ್ನಾಟಕದಲ್ಲಿ ನಡೆದ ಅತಿ ದೊಡ್ಡ, ಅತಿ ಪ್ರಾಮಾಣಿಕ ಬಹುಮಾನದಂಡ ಲೆಕ್ಕ ಇದೇ ಎಂಬುದು ನನ್ನ ಅಭಿಪ್ರಾಯ. ಈ ಲೆಕ್ಕದಲ್ಲಿ ರಸ್ತೆಯಿಲ್ಲ, ಕಾಲೇಜಿಲ್ಲ, ಆಸ್ಪತ್ರೆಯಿಲ್ಲ ಎಂಬುದೆಲ್ಲ ಕೊಡಬೇಕಾದ ಕಾರಣಗಳು.

2015ರ ಕೇಂದ್ರ ಬಜೆಟ್ಟಿನಲ್ಲಿ ಕರ್ನಾಟಕಕ್ಕೆ ಐಐಟಿ ಬಂತು. ರಾಜ್ಯ ಸರ್ಕಾರ ಮೂರು ಹೆಸರು ಕಳಿಸಿತು: ಧಾರವಾಡ, ಮೈಸೂರು, ರಾಯಚೂರು. ರಾಯಚೂರಿನವರು ನಂಜುಂಡಪ್ಪ ವರದಿ ಹಿಡಿದು ಬೀದಿಗಿಳಿದರು. ಆದರೆ ಸ್ಥಳ ಆಯ್ಕೆ ಎಂಬ ಶಾಸ್ತ್ರದಲ್ಲಿ ಅದೇ ರಸ್ತೆ, ಅದೇ ಕಾಲೇಜು, ಅದೇ ಆಸ್ಪತ್ರೆಯ ಮುಂದೆ ತಿರುಗಾಮುರುಗಾ ಚಿಹ್ನೆ ಇರುತ್ತದೆ. ಸುತ್ತ ಒಳ್ಳೆಯ ಶಾಲೆ ಇರಬೇಕು, ಇಲ್ಲದಿದ್ದರೆ ಪ್ರಾಧ್ಯಾಪಕರ ಮಕ್ಕಳು ಎಲ್ಲಿ ಓದಬೇಕು? ವಿಮಾನ ಇಳಿಯಬೇಕು, ಇಲ್ಲದಿದ್ದರೆ ವಿದೇಶಿ ವಿದ್ವಾಂಸರು ಹೇಗೆ ಬರಬೇಕು? ಒಂದು ವರದಿ ಇಲ್ಲದವರಿಗೆ ಕೊಡಿ ಎನ್ನುತ್ತದೆ, ಇನ್ನೊಂದು ಇದ್ದವರಿಗೆ ಕೊಡಿ ಎನ್ನುತ್ತದೆ. ಎರಡಕ್ಕೂ ದತ್ತಾಂಶ ಒಂದೇ. ರಾಯಚೂರು ತನ್ನ ಬಡತನವನ್ನು ಪ್ರಮಾಣಪತ್ರದಂತೆ ಹೊತ್ತು ಹೋಯಿತು, ಅಲ್ಲಿ ಅದನ್ನೇ ಆರೋಪಪಟ್ಟಿಯಂತೆ ಓದಿದರು.

ಸೋಜಿಗವೆಂದರೆ ಇದ್ದದ್ದನ್ನೇ ಎಣಿಸಿದರೂ ರಾಯಚೂರು ತೀರಾ ಬರಿಗೈಯಲ್ಲಿರಲಿಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಶಕ್ತಿನಗರದಲ್ಲಿ 1,720 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ. ಮುಂಬೈ–ಚೆನ್ನೈ ರೈಲು ಮಾರ್ಗ. ಹಟ್ಟಿಯಲ್ಲಿ ಚಿನ್ನ. ಚಿನ್ನ, ಕರೆಂಟು, ನೀರು ಮೂರೂ ಜಿಲ್ಲೆಯಿಂದ ಹೊರಗೆ ಹೋಗುವಾಗ ಯಾವ ಸಮಿತಿಯೂ ವಿಮಾನ ನಿಲ್ದಾಣ ಇದೆಯೇ ಎಂದು ಕೇಳಿರಲಿಲ್ಲ.

ಐಐಟಿ ಧಾರವಾಡಕ್ಕೆ ಹೋಯಿತು. ಅದೇ ವರ್ಷ ಧಾರವಾಡಕ್ಕೆ ಐಐಐಟಿಯೂ ಬಂತು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಮೊದಲೇ ಇದ್ದವು. ಧಾರವಾಡದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ವಿದ್ಯೆಯ ಊರು, ಪೇಡೆಯ ಊರು, ಉತ್ತರ ಕರ್ನಾಟಕಕ್ಕೂ ನ್ಯಾಯ ಬೇಕಿತ್ತು. ಆದರೆ ‘ಈಗಾಗಲೇ ವಿದ್ಯಾಸಂಸ್ಥೆಗಳಿವೆ’ ಎಂಬ ಮಾನದಂಡಕ್ಕೆ ಅಧಿಕ ಚಿಹ್ನೆ ಹಾಕಿದರೆ ಒಂದು ಸಿಕ್ಕಿದವರಿಗೆ ಎರಡನೆಯದು, ಎರಡು ಸಿಕ್ಕಿದವರಿಗೆ ಮೂರನೆಯದು ತಾನಾಗಿ ಬರುತ್ತದೆ. ಇನ್ನು ಮೂಲಸೌಕರ್ಯದ ಮಾತು: 2016ರಲ್ಲಿ ಐಐಟಿಯ ಪಾಠ ಶುರುವಾದದ್ದು ಧಾರವಾಡದ ವಾಲ್ಮಿ ಎಂಬ, ರೈತರಿಗೆ ನೀರು ನಿರ್ವಹಣೆ ಹೇಳಿಕೊಡುವ ಸಂಸ್ಥೆಯ ಕಟ್ಟಡದಲ್ಲಿ. ಸ್ವಂತ ಆವರಣದ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ಏಳು ವರ್ಷ ಎರವಲು ಕಟ್ಟಡದಲ್ಲಿ ನಡೆಯಬಲ್ಲ ಸಂಸ್ಥೆ ಯಾವ ಊರಿನ ಎರವಲು ಕಟ್ಟಡದಲ್ಲಿ ನಡೆಯುತ್ತಿರಲಿಲ್ಲ?

ಸಮಾಧಾನಕ್ಕೆಂದು ರಾಯಚೂರಿಗೆ ಐಐಐಟಿ ಕೊಟ್ಟರು. 2019ರಲ್ಲಿ ಅದು ಆರಂಭವಾಯಿತು, ಹೈದರಾಬಾದ್ ಐಐಟಿಯ ಆವರಣದಲ್ಲಿ. ಇದರಲ್ಲಿ ತಪ್ಪು ಹುಡುಕಬಾರದು, ಪರಂಪರೆ ಇದೆ: ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ, ಧಾರವಾಡಕ್ಕೆ ಬಂದದ್ದು ಮರುವರ್ಷ. ಆಮೇಲೆ ಏಮ್ಸ್ ಸರದಿ. 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಧರಣಿ ಕೂತರು. ಸಾವಿರ ದಿನ ದಾಟಿತು. ರಾಯಚೂರಿಗೇ ಕೊಡಿ ಎಂದು ರಾಜ್ಯ ಸರ್ಕಾರವೂ ದೆಹಲಿಗೆ ಬರೆಯಿತು. ‘ಎಷ್ಟು ದಿನದಿಂದ ಕೇಳುತ್ತಿದ್ದಾರೆ’ ಎಂಬ ಕಾಲಮ್ಮು ಯಾವ ಕೋಷ್ಟಕದಲ್ಲೂ ಇಲ್ಲ; ಇದ್ದಿದ್ದರೆ ಅದಕ್ಕೆ ಯಾವ ಚಿಹ್ನೆ ಹಾಕುತ್ತಿದ್ದರೋ.

ಮೂರು ಹೆಸರು ಕಳಿಸುವುದರಲ್ಲೂ ಒಂದು ವಿದ್ಯೆ ಅಡಗಿದೆ. ವ್ಯಾಲೆರಿ ಬೆಲ್ಟನ್ ಮತ್ತು ಟೋನಿ ಗಿಯರ್ 1983ರಲ್ಲಿ ಸಾಟಿಯವರ ವಿಧಾನದ ಒಂದು ಹುಳುಕು ತೋರಿಸಿದರು. ಮೊದಲ ಸ್ಥಾನದಲ್ಲಿ ಗೆಲ್ಲುತ್ತಿರುವ ಆಯ್ಕೆಯದೇ ತದ್ರೂಪು ಒಂದನ್ನು ಕಣಕ್ಕಿಳಿಸಿದರೆ, ಅಲ್ಲಿಯವರೆಗೆ ಎರಡನೆಯದಾಗಿದ್ದದ್ದು ಮೇಲಕ್ಕೆ ಬಂದುಬಿಡಬಹುದು. ಹೊಸದಾಗಿ ಬಂದದ್ದು ಗೆಲ್ಲುವುದಿಲ್ಲ, ಗೆಲ್ಲುವವನನ್ನು ಕೆಡವುತ್ತದೆ. ವಿದ್ವತ್ ಪತ್ರಿಕೆಗಳಲ್ಲಿ ಇದರ ಮೇಲೆ ವರ್ಷಗಟ್ಟಲೆ ವಾಗ್ವಾದ ನಡೆಯಿತು. ನಮ್ಮ ಯಾವುದೇ ಹೋಬಳಿ ಮಟ್ಟದ ಕಾರ್ಯಕರ್ತನನ್ನು ಕೇಳಿದ್ದರೆ, ಎದುರಾಳಿಯದೇ ಹೆಸರು, ಅದೇ ಇನಿಷಿಯಲ್ ಇರುವ ಒಬ್ಬನನ್ನು ಪಕ್ಷೇತರನಾಗಿ ನಿಲ್ಲಿಸುವುದನ್ನು ನಾಮಪತ್ರದ ಖರ್ಚಿನ ಸಮೇತ ವಿವರಿಸುತ್ತಿದ್ದ.

ಹಾಗಾದರೆ ಸೂತ್ರವಿಲ್ಲದ ಕಾಲದಲ್ಲಿ ಜಾಗ ಹೇಗೆ ಆರಿಸುತ್ತಿದ್ದರು? ಟಾಟಾರವರ ವಿಜ್ಞಾನ ಸಂಸ್ಥೆಗೆ ಜಾಗ ಹುಡುಕಲು ವಿಲಿಯಂ ರ‍್ಯಾಮ್ಸೆ ಎಂಬ ರಸಾಯನಶಾಸ್ತ್ರಜ್ಞ ದೇಶ ಸುತ್ತಿ ಬೆಂಗಳೂರು ಎಂದರು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದಾಗ ಬೆಂಗಳೂರೋ ಮೈಸೂರೋ ಎಂಬ ತಕರಾರನ್ನು ಬಗೆಹರಿಸಿದ ರೀತಿ ಇನ್ನೂ ಚೆಂದ: ಕಲಾ ವಿಭಾಗ ಮೈಸೂರಿನ ಮಹಾರಾಜ ಕಾಲೇಜಿಗೆ, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. 1964ರಲ್ಲಿ ಬೆಂಗಳೂರು ಬೇರೆ ಮನೆ ಮಾಡುವವರೆಗೂ ಆ ಕೂಡುಕುಟುಂಬ ನಡೆಯಿತು. ಈಗ ಹಾಗೆ ಹಂಚಲು ಹೋದರೆ ಕುಲಪತಿ ಒಂದು ತಾಲ್ಲೂಕಿಗೆ, ಕುಲಸಚಿವರು ಇನ್ನೊಂದಕ್ಕೆ, ಪ್ರಶ್ನೆಪತ್ರಿಕೆ ಸೋರಿಕೆ ಮೂರನೆಯದಕ್ಕೆ ಎಂದು ಪಟ್ಟು ಹಿಡಿಯುವವರಿದ್ದಾರೆ.

ಇತ್ತೀಚಿನ ಸಾಧನೆ ಎಂದರೆ ಸ್ಥಳ ಆಯ್ಕೆಯನ್ನೇ ಕೈಬಿಟ್ಟದ್ದು. 2022–23ರಲ್ಲಿ ಬೀದರ್, ಹಾವೇರಿ, ಚಾಮರಾಜನಗರ, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆಗಳಿಗೆ ಒಟ್ಟಿಗೆ ಏಳು ವಿಶ್ವವಿದ್ಯಾಲಯ ಬಂದವು. ತಲಾ 2 ಕೋಟಿ ರೂಪಾಯಿ. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಳ್ಳೆಯ ಕಡೆ ಒಂದು ಫ್ಲ್ಯಾಟ್ ಬರುತ್ತದೆ, ಪಾರ್ಕಿಂಗ್ ಬೇರೆ. ಕೊಡಗಿನ ಚಿಕ್ಕ ಅಳುವಾರ, ಹಾಸನದ ಹೇಮಗಂಗೋತ್ರಿ, ಹಾವೇರಿಯ ಕೆರಿಮತ್ತಿಹಳ್ಳಿ ಹೀಗೆ ಎಲ್ಲಿ ಸ್ನಾತಕೋತ್ತರ ಕೇಂದ್ರ ಇತ್ತೋ ಅಲ್ಲಿನ ಬೋರ್ಡು ಬದಲಾಯಿತು. ನಕ್ಷೆ, ಪದರ, ತೂಕ ಯಾವ ಗೊಡವೆಯೂ ಇಲ್ಲ. ಚುನಾವಣೆ ಹತ್ತಿರವಿತ್ತು, ಆ ದೂರವೊಂದನ್ನು ಮಾತ್ರ ದಿನಗಳಲ್ಲಿ ಅಳೆದಿದ್ದರು.

ಈ ಶಾಸ್ತ್ರದಲ್ಲಿ ಕೊನೆಯದಾಗಿ ಮಾಡಬೇಕಾದ ಒಂದು ಪರೀಕ್ಷೆಯಿದೆ. ತೂಕಗಳನ್ನು ಸ್ವಲ್ಪ ಅತ್ತಿತ್ತ ಮಾಡಿ, ಗೆದ್ದ ಊರು ಆಗಲೂ ಗೆಲ್ಲುತ್ತದೆಯೇ ಎಂದು ನೋಡುವುದು. ಪ್ರಬಂಧಗಳಲ್ಲಿ ಶೇಕಡಾ ಹತ್ತು ಹೆಚ್ಚು, ಶೇಕಡಾ ಹತ್ತು ಕಡಿಮೆ ಮಾಡಿ ನೋಡಿ ತೃಪ್ತರಾಗುತ್ತಾರೆ. ನಮ್ಮಲ್ಲಿ ಈ ಪರೀಕ್ಷೆಯನ್ನು ಮತದಾರರಿಗೆ ವಹಿಸಲಾಗಿದೆ. 2023ರಲ್ಲಿ ಸರ್ಕಾರ ಬದಲಾಯಿತು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿಗಳ ನೇತೃತ್ವದ ಸಂಪುಟ ಉಪಸಮಿತಿ ಈ ಏಳೂ ಸೇರಿದಂತೆ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಎಂದಿತು. ಉಳಿಯುವುದು ಬೀದರ್ ಒಂದೇ, ಅಲ್ಲಿ ಸಂಯೋಜಿತ ಕಾಲೇಜುಗಳು ಹೆಚ್ಚು. ಮೊದಲು ‘ಜಿಲ್ಲೆಗೊಂದು’ ಎಂಬುದಕ್ಕೆ ಒಂಬತ್ತು ಅಂಕ ಇತ್ತು, ಈಗ ಖಜಾನೆಗೆ. ಯಾವ ಊರೂ ತನ್ನ ಜಾಗದಿಂದ ಅಂಗುಲ ಸರಿದಿರಲಿಲ್ಲ. ಕುಲಪತಿಗಳು ನೇಮಕವಾಗಿದ್ದರು, ಮಕ್ಕಳು ಸೇರಿದ್ದರು, ಅಂಕಪಟ್ಟಿಯ ಮೇಲೆ ಯಾರ ಮೊಹರು ಬೀಳುತ್ತದೆ ಎಂದು ಕಾಯುತ್ತಿದ್ದರು.

ಸುದ್ದಿ ಬಂದದ್ದೇ ಜಿಲ್ಲೆಗಳಲ್ಲಿ ಪ್ರತಿಭಟನೆ ಎದ್ದಿತು. ಹಾಗಾಗಿ ಮುಚ್ಚುವುದಕ್ಕೂ ಒಂದು ವೈಜ್ಞಾನಿಕ ವರದಿ ಬೇಕೆನಿಸಿದರೆ ಆಶ್ಚರ್ಯವಿಲ್ಲ. ಆ ಸಭೆಯೂ ನನ್ನ ಕಣ್ಣ ಮುಂದಿದೆ. ಸಚಿವರು ಬೇರೆ, ಗೋಡಂಬಿ ಅದೇ, ಹುಡುಗನೂ ಅದೇ ಸಲಹಾ ಸಂಸ್ಥೆಯವನು.

“ಎಷ್ಟು ತಿಂಗಳು ಬೇಕಪ್ಪ ಇದಕ್ಕೆ?”

“ತಿಂಗಳು ಯಾಕೆ ಸಾರ್, ತೆರೆಯೋಕೆ ಮಾಡಿದ ಫೈಲೇ ಇದೆ. ಚಿಹ್ನೆ ಬದಲಾಯಿಸಿದ್ರೆ ಸಂಜೆಯೊಳಗೆ ಆಗತ್ತೆ.”

“ಹಾಗಾದ್ರೆ ಬಿಲ್ಲೂ ಹಳೇದೇ ಅನ್ನು.”

“ಇಲ್ಲ ಸಾರ್, ಬಿಲ್ಲು ಹೊಸದು.”